ಕನಸು ಕಾಣುವ ನಾಯಿಗೆ ಬರೆ ಏಕೆ?

ಪ್ರಶ್ನೆ: ನಮ್ಮ ನಾಯಿ ಜಗಲಿಯಲ್ಲಿ ಮಲಗಿದಾಗ ಕಾಲು ಒದೆಯುತ್ತದೆ, ಕುಂಯ್‌ಗುಟ್ಟುತ್ತದೆ. ಮೂರ್ಛೆರೋಗ, ಬರೆ ಹಾಕಿಸಿ ಅಂತ ಊರಲ್ಲಿ ಹೇಳುತ್ತಾರೆ. ಕನಸು ಇರಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಮಳೆಗಾಲ ಹಿಡಿಯಿತೆಂದರೆ ಈ ಪ್ರಶ್ನೆ ಬಂತೇ ಬಂತು. ನಾಯಿಯೂ ಯಜಮಾನರೂ ಜಗಲಿ ಬಿಟ್ಟು ಕದಲುವುದಿಲ್ಲವಲ್ಲ, ನೋಡುತ್ತ ಕೂರಲು ಪುರುಸೊತ್ತು. ಮೊದಲು ಆ ಕಬ್ಬಿಣವನ್ನು ಒಲೆಯಿಂದ ತೆಗೆಯಿರಿ. ಬರೆಯಿಂದ ವಾಸಿಯಾದ ನಾಯಿಯನ್ನು ನಾನು ಕಂಡಿಲ್ಲ. ಬರೆ ಕೊಳೆತು ಹುಳ ಬಿದ್ದದ್ದನ್ನು ಮಾತ್ರ ತೊಳೆದಿದ್ದೇನೆ.

ನಿದ್ದೆ ಹತ್ತಿ ಸುಮಾರು 20 ನಿಮಿಷಕ್ಕೆ ಹತ್ತಿರ ಕೂತು ನೋಡಿ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಓಡಾಡುತ್ತದೆ, ಮೀಸೆ ಅದುರುತ್ತದೆ, ಉಸಿರಿನ ಲಯ ತಪ್ಪುತ್ತದೆ. ಇದು ರೆಮ್ ನಿದ್ದೆ, ಕನಸು ಬೀಳುವ ಹಂತ. ಮಿದುಳು ಆಗ ಹೆಚ್ಚುಕಡಿಮೆ ಎಚ್ಚರವಿದ್ದಷ್ಟೇ ಚುರುಕು; ಮೈ ಎದ್ದು ಓಡದಂತೆ ಮಿದುಳಿನ ಬುಡದ ಒಂದು ಭಾಗ ಸ್ನಾಯುಗಳನ್ನು ಹಿಡಿದಿಟ್ಟಿರುತ್ತದೆ. ಫ್ರಾನ್ಸಿನ ನಿದ್ರಾ ವಿಜ್ಞಾನಿ ಮಿಷೆಲ್ ಜೂವೆ ಬೆಕ್ಕುಗಳಲ್ಲಿ ಆ ಭಾಗವನ್ನು ಕೆಡಿಸಿದಾಗ ಅವು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗಿದವು. ಮರಿಗಳಲ್ಲಿ, ಮುದಿ ನಾಯಿಗಳಲ್ಲಿ ಹಿಡಿತ ಸ್ವಲ್ಪ ಸಡಿಲ, ಒದೆತ ಜಾಸ್ತಿ. ಇಲಿಗಳು ಓಡಿದ ದಾರಿಯ ನರಸಂಕೇತಗಳೇ ನಿದ್ದೆಯಲ್ಲಿ ಮತ್ತೆ ಮೂಡುವುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2001ರಲ್ಲಿ ತೋರಿಸಿದರು. ಇಲಿಯ ಪಾಡೇ ಹೀಗಿರುವಾಗ, ದಿನವಿಡೀ ಅಡಿಕೆ ತೋಟದಲ್ಲಿ ಮಂಗ ಅಟ್ಟಿದ ನಾಯಿಗೆ ಕನಸಿಲ್ಲ ಎನ್ನಲು ನನಗೆ ಬಾಯಿ ಬಾರದು. ಕನಸಲ್ಲೂ ಮಂಗನೇ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ.

ಮೂರ್ಛೆಯ ಚಹರೆಯೇ ಬೇರೆ. ಕಾಲು ಕೋಲಿನಂತೆ ಸೆಟೆಯುತ್ತದೆ, ಜೊಲ್ಲು ಸುರಿಯುತ್ತದೆ, ಉಚ್ಚೆ ಹೋಗುತ್ತದೆ, ಕರೆದರೆ ಎಚ್ಚರವಾಗದು, ಎದ್ದ ಮೇಲೂ ಮನೆಯ ಗುರುತು ಹತ್ತದೆ ಸುತ್ತುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ ತನ್ನಿ, ನಿಮ್ಮ ವರ್ಣನೆ ಬೇಡ. 5 ನಿಮಿಷ ದಾಟಿದರೆ ಕೂಡಲೇ ಹೊರಡಿ. ತೋಟಕ್ಕೆ ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ವಿಷ ಹಾಕಿದ್ದರೆ ಅಷ್ಟೂ ಕಾಯಬೇಡಿ. ನಡುಗುವ ನಾಯಿಯ ಜೊತೆ ಪೊಟ್ಟಣವನ್ನೂ ತನ್ನಿ.

ಕನಸಿನ ನಡುವೆ ಮೈ ಮುಟ್ಟಿ ಎಬ್ಬಿಸಬೇಡಿ, ದೂರದಿಂದ ಹೆಸರು ಹಿಡಿದು ಕರೆಯಿರಿ. ನನ್ನ ಎಡಗೈ ಹೆಬ್ಬೆರಳಿನ ಮೂರು ಹೊಲಿಗೆ ನಮ್ಮನೆ ನಾಯಿಯದೇ ಕೊಡುಗೆ. ಪಾಪ, ಆಮೇಲೆ ಅದೇ ನೆಕ್ಕಿತು.

ಪ್ರಶ್ನೆ: ರಾತ್ರಿ ನಾಯಿ ಊಳಿಟ್ಟರೆ ಸಾವಿನ ಸೂಚನೆಯೇ? – ಕುಮಟಾ
ಉತ್ತರ: ಆಚೆ ಕೇರಿಯ ನಾಯಿ ಊಳಿಟ್ಟಿರುತ್ತದೆ, ಇದು ಓಗೊಟ್ಟಿರುತ್ತದೆ.

ಪ್ರಶ್ನೆ: ದಿನಕ್ಕೆ 12 ತಾಸು ಮಲಗುತ್ತದೆ. ಟಾನಿಕ್ ಕೊಡಲೇ? – ಕಾರವಾರ
ಉತ್ತರ: ತಿಂದುಂಡು ಓಡಾಡಿಕೊಂಡಿದ್ದರೆ ಮಲಗಲಿ ಬಿಡಿ.