ಬೇಟೆ ಬೂಟು ಕೊಳ್ಳುವ ಮುಂಚೆ ಕೇಳಿ: ನಡೆಯೋದಾ, ಕೂರೋದಾ?

ನೀವು ಕೇಳಿದ್ದು ಇಷ್ಟು. ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಬಂದು ಮೂರು ತಿಂಗಳಾಗಿದೆ. ನವೆಂಬರ್‌ನಲ್ಲಿ ಆಫೀಸಿನವರು ಜಿಂಕೆ ಬೇಟೆಗೆ ಹೊರಟಿದ್ದಾರೆ. ನೀವು ಬಂದೂಕು ಮುಟ್ಟುವುದಿಲ್ಲ, ಕಾಡು ನೋಡಲಿಕ್ಕೆ ಸುಮ್ನೆ ಜೊತೆಗೆ ಹೋಗುತ್ತಿದ್ದೀರಿ. ಅವರು "ಕೆಳಗೆ ರಬ್ಬರ್, ಮೇಲೆ ಚರ್ಮ ಇರುವ ಬೂಟು ತಗೋ" ಅಂದಿದ್ದಾರೆ. 8 ಇಂಚಿನದಾ 10 ಇಂಚಿನದಾ, ಒಳಗೆ ಬೆಚ್ಚನೆಯ ಲೈನಿಂಗ್ ಬೇಕಾ ಬೇಡ್ವಾ, ಅದೇ ಬೂಟಿನಲ್ಲಿ ಇಡೀ ಚಳಿಗಾಲ ಕಳೆಯಬಹುದಾ?

ನಾನು ಮೇನ್‌ಗೆ ಬಂದು ಒಂಬತ್ತು ವರ್ಷವಾಯಿತು. ಊರು ತೀರ್ಥಹಳ್ಳಿ ಹತ್ತಿರ. ಹಾಗಾಗಿ ಮಳೆ, ಕೆಸರು, ಇಂಬಳ ಎಲ್ಲ ಗೊತ್ತಿತ್ತು, ಕಾಲ್ಬೆರಳು ಮರಗಟ್ಟುವ ಚಳಿ ಮಾತ್ರ ಗೊತ್ತಿರಲಿಲ್ಲ. ನಾನೂ ಬೇಟೆಯಾಡುವವನಲ್ಲ. ಪಕ್ಕದ ಮನೆಯ ಅಜ್ಜನ ಜೊತೆ ಪ್ರತಿ ನವೆಂಬರ್‌ನಲ್ಲಿ ಒಂದೆರಡು ಶನಿವಾರ ಕಾಡಿಗೆ ಹೋಗುತ್ತೇನೆ, ಫ್ಲಾಸ್ಕಿನಲ್ಲಿ ತಂದ ಕಾಫಿ ಕುಡಿದು ಬರುತ್ತೇನೆ. ಶನಿವಾರವೇ ಯಾಕೆ ಅಂದರೆ, ಇಲ್ಲಿ ಭಾನುವಾರ ಬೇಟೆಯಾಡುವಂತಿಲ್ಲ, ಕಾನೂನೇ ಇದೆ.

ಬೂಟಿನ ಎತ್ತರ, ಲೈನಿಂಗ್ ಎಲ್ಲ ಆಮೇಲೆ. ಮೊದಲು ನಿಮ್ಮ ಆಫೀಸಿನವರನ್ನ ಒಂದೇ ಮಾತು ಕೇಳಿ: ಅವತ್ತು ನಾವು ನಡೆಯುತ್ತೇವಾ, ಕೂತಿರುತ್ತೇವಾ? ಜಿಂಕೆ ಬೇಟೆಯಲ್ಲಿ ಎರಡು ದಾರಿ. ಕೆಲವರು ಬೆಳಕು ಹರಿಯುವ ಮುಂಚೆ ಮರದ ಮೇಲಿನ ಅಟ್ಟಣೆ ಹತ್ತಿ, ಮೂರು ನಾಲ್ಕು ಗಂಟೆ ಅಲುಗಾಡದೆ ಕೂರುತ್ತಾರೆ. ಇನ್ನು ಕೆಲವರು ಹೆಜ್ಜೆ ಗುರುತು ಹಿಡಿದು, ಹತ್ತು ಹೆಜ್ಜೆ ಇಟ್ಟು ನಿಂತು, ಮತ್ತೆ ಹತ್ತು ಹೆಜ್ಜೆ ಇಟ್ಟು ದಿನವಿಡೀ ಸುತ್ತುತ್ತಾರೆ. ಕೂರುವವರ ಬೂಟಿನಲ್ಲಿ ನಡೆದರೆ ಕಾಲು ಬೆವರಿ ಒದ್ದೆಯಾಗುತ್ತದೆ. ನಡೆಯುವವರ ಬೂಟಿನಲ್ಲಿ ಕೂತರೆ ಅರ್ಧ ಗಂಟೆಗೆ ಬೆರಳು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಈ ಬೂಟು ಹುಟ್ಟಿದ್ದೇ ನಡೆಯುವವರಿಗಾಗಿ. ನೀವಿರುವ ಊರಿಂದ ಅರ್ಧ ಗಂಟೆ ದೂರದ ಫ್ರೀಪೋರ್ಟ್‌ನಲ್ಲಿ ಎಲ್.ಎಲ್. ಬೀನ್ ಅನ್ನುವ ಅಂಗಡಿಯವನು 1911ರಲ್ಲಿ ಬೇಟೆಗೆ ಹೋಗಿ ಕಾಲು ನೆನೆಸಿಕೊಂಡು ಬಂದ. ಪೂರ್ತಿ ಚರ್ಮದ ಬೂಟು ನೀರು ಕುಡಿದು ಭಾರವಾಗುತ್ತದೆ. ಪೂರ್ತಿ ರಬ್ಬರಿನದು, ನಮ್ಮ ಗಂಬೂಟಿನ ಥರ, ನೀರು ಬಿಡುವುದಿಲ್ಲ, ಆದರೆ ಗಾಳಿಯನ್ನೂ ಬಿಡುವುದಿಲ್ಲ, ಮೇಲಾಗಿ ಹಿಮ್ಮಡಿ ಒಳಗೇ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಅವನು ಊರಿನ ಚಮ್ಮಾರನ ಹತ್ತಿರ ಹೋಗಿ ರಬ್ಬರ್ ಶೂ ತಳಕ್ಕೆ ಚರ್ಮದ ಮೇಲ್ಭಾಗ ಹೊಲಿಸಿಕೊಂಡ. ಮರುವರ್ಷ, ಹೊರಗಿನಿಂದ ಮೇನ್‌ಗೆ ಬಂದು ಬೇಟೆ ಲೈಸೆನ್ಸ್ ಪಡೆದವರ ಪಟ್ಟಿ ಹಿಡಿದು ಅಂಚೆಯಲ್ಲೇ ವ್ಯಾಪಾರ ಶುರು ಮಾಡಿದ. ಮೊದಲ 100 ಜೊತೆಯಲ್ಲಿ 90 ವಾಪಸ್ ಬಂದವು ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ. ರಬ್ಬರ್ ಮತ್ತು ಚರ್ಮ ಸೇರುವ ಜಾಗದಲ್ಲಿ ಹೊಲಿಗೆ ಬಿಟ್ಟುಕೊಂಡಿತ್ತು. ಎಲ್ಲರಿಗೂ ದುಡ್ಡು ಹಿಂದಿರುಗಿಸಿ, ಸಾಲ ಮಾಡಿ, ಮತ್ತೆ ಸರಿಯಾಗಿ ಮಾಡಿಸಿದ.

ಕಥೆ ಯಾಕೆ ಹೇಳಿದೆ ಅಂದರೆ, ನೂರು ವರ್ಷ ದಾಟಿದರೂ ಈ ಥರದ ಬೂಟು ಸೋಲುವುದು ಅದೇ ಜಾಗದಲ್ಲಿ. ಯಾವ ಕಂಪನಿಯದೇ ಆಗಲಿ, ಕೈಗೆತ್ತಿಕೊಂಡ ಕೂಡಲೇ ಆ ಸೇರುವೆ ನೋಡಿ. ಚರ್ಮವು ರಬ್ಬರಿನ ಮೇಲೆ ಒಂದು ಬೆರಳಿನಷ್ಟಾದರೂ ಏರಿ ಕೂತಿರಬೇಕು. ಒಂದಕ್ಕಿಂತ ಹೆಚ್ಚು ಸಾಲು ಹೊಲಿಗೆ ಇರಬೇಕು, ಮೂರಿದ್ದರೆ ಒಳ್ಳೆಯದು. ಒಳಗೆ ಕೈ ಹಾಕಿ ಬೆರಳಿನಿಂದ ತಡವಿ, ಹೊರಗಿನ ಹೊಲಿಗೆ ಒಳಗೂ ಸಿಗಬೇಕು. ನಾನು ಮೊದಲ ವರ್ಷ ನಲವತ್ತು ಡಾಲರ್ ಉಳಿಸಲು ಹೋಗಿ ಆನ್‌ಲೈನ್‌ನಲ್ಲಿ ನೋಡಲು ಥೇಟ್ ಇದೇ ಥರ ಇದ್ದ ಜೋಡಿಯೊಂದನ್ನು ತರಿಸಿದ್ದೆ. ಕಂಪನಿ ಹೆಸರು ಬೇಡ. ಹೊರಗೆ ಚಂದದ ಬಿಳಿ ಹೊಲಿಗೆ, ಒಳಗೆ ಬರೀ ಗೋಂದು. ಎರಡನೇ ಸಲ ಹೊಳೆ ದಾಟುವಾಗ ಎಡಗಾಲಿನ ಕಿರುಬೆರಳ ಹತ್ತಿರ ತಣ್ಣಗೆ ಏನೋ ಹರಿದ ಹಾಗಾಯಿತು. ಸಂಜೆ ನೋಡಿದರೆ ರಬ್ಬರು ಬಾಯಿ ಬಿಟ್ಟುಕೊಂಡು ನಗುತ್ತಿತ್ತು.

ಇನ್ನೊಂದು ಜಾಗ ಬೂಟಿನ ನಾಲಿಗೆ, ಅಂದರೆ ಲೇಸಿನ ಕೆಳಗಿರುವ ಚರ್ಮದ ಪಟ್ಟಿ. ಅದರ ಎರಡೂ ಪಕ್ಕ ಮಡಿಕೆ ಚರ್ಮ ಸೇರಿಸಿ ಹೊಲಿದಿರಬೇಕು, ಆ ಮಡಿಕೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ನೀರು ತಡೆಯುತ್ತದೆ. 10 ಇಂಚಿನ ಬೂಟಿನಲ್ಲಿ ಮಡಿಕೆ 5 ಇಂಚಿಗೇ ಮುಗಿದಿದ್ದರೆ, ನೀರಿನ ಮಟ್ಟಿಗೆ ಅದು 5 ಇಂಚಿನ ಬೂಟೇ.

ಎತ್ತರದ ಪ್ರಶ್ನೆಗೆ ನನ್ನ ಉತ್ತರ 8 ಇಂಚು. ಪಾದದ ಗಂಟು ಮುಚ್ಚುತ್ತದೆ, ಬೇಗ ಹಾಕಬಹುದು, ಕಾರು ಓಡಿಸುವಾಗ ಕಾಲು ಮಡಚಲು ತೊಂದರೆಯಿಲ್ಲ. ಜೌಗು ನೆಲ ಜಾಸ್ತಿ ಇದ್ದರೆ, ಅಥವಾ ಹಿಮ ಬಿದ್ದ ಮೇಲೂ ಹೋಗುವುದಿದ್ದರೆ 10. ಅದಕ್ಕಿಂತ ಎತ್ತರದವೂ ಇವೆ, ನೋಡಲು ಗತ್ತು, ಆದರೆ ಬೆಳಗಿನ ನಾಲ್ಕೂವರೆಗೆ ಮರಗಟ್ಟಿದ ಬೆರಳಲ್ಲಿ ಅಷ್ಟುದ್ದ ಲೇಸು ಕಟ್ಟಿ ನೋಡಿ, ಆಮೇಲೆ ಮಾತಾಡೋಣ.

ಸೈಜಿನ ವಿಷಯದಲ್ಲಿ ನಮ್ಮವರು ಎಲ್ಲರೂ ಎಡವುತ್ತಾರೆ. ಊರಲ್ಲಿ ಬಾಟಾ ಅಂಗಡಿಯಲ್ಲಿ 8 ಹಾಕುತ್ತಿದ್ದವರು ಇಲ್ಲಿ ಬಂದು ಸ್ನೀಕರ್ ಕೊಂಡರೆ 9 ಆಗುತ್ತದೆ, ಯಾಕೆಂದರೆ ನಮ್ಮದು ಬ್ರಿಟಿಷ್ ಅಳತೆ, ಇವರದು ಬೇರೆ. ಆದರೆ ಫ್ರೀಪೋರ್ಟ್‌ನ ಬೀನ್ ಕಂಪನಿಯವರ ಈ ಬೂಟು ಇವರ ಲೆಕ್ಕಕ್ಕೇ ಸ್ವಲ್ಪ ದೊಡ್ಡದು. ಸಾಧಾರಣ ಕಾಲುಚೀಲಕ್ಕಾದರೆ ಸ್ನೀಕರ್‌ಗಿಂತ ಒಂದು ಸೈಜ್ ಕಮ್ಮಿ ತಗೊಳ್ಳಿ ಅಂತ ಅವರೇ ಹೇಳುತ್ತಾರೆ. ಅಂದರೆ ತಿರುಗಿ ಬಂದು ಬಾಟಾದ 8ಕ್ಕೇ ನಿಂತಿರಿ! ದಪ್ಪ ಉಣ್ಣೆ ಕಾಲುಚೀಲ ಹಾಕುವುದಿದ್ದರೆ ಸ್ನೀಕರ್ ಸೈಜೇ ಸರಿ. ನಂಬರ್ ನಂಬಬೇಡಿ ಅನ್ನುವುದೇ ನನ್ನ ಮಾತು. ಕಾಡಿಗೆ ಹಾಕುವ ಕಾಲುಚೀಲವನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಲೇಸು ಬಿಗಿದು ಮೆಟ್ಟಿಲು ಹತ್ತಿ ಇಳಿಯಿರಿ. ಹಿಮ್ಮಡಿ ಎದ್ದೇಳಬಾರದು, ಇಳಿಯುವಾಗ ಹೆಬ್ಬೆರಳು ಮುಂದೆ ತಾಗಬಾರದು, ಬೆರಳುಗಳನ್ನು ಒಳಗೇ ಆಡಿಸಲು ಜಾಗ ಇರಬೇಕು. ಸಂಜೆ ಹೋದರೆ ಒಳ್ಳೆಯದು, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಫ್ರೀಪೋರ್ಟ್‌ನ ದೊಡ್ಡ ಅಂಗಡಿ 1951ರಿಂದ ಹಗಲೂ ರಾತ್ರಿ ತೆರೆದೇ ಇರುತ್ತದೆ, ಆಫೀಸ್ ಮುಗಿಸಿ ರಾತ್ರಿ ಹತ್ತಕ್ಕೆ ಹೋದರೂ ಯಾರೂ ಏನೂ ಅನ್ನುವುದಿಲ್ಲ. ಹೊರಗೆ ಮನೆಯೆತ್ತರದ ಒಂದು ಬೂಟು ನಿಲ್ಲಿಸಿದ್ದಾರೆ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಅಲ್ಲಿ ಒಂದೇ ಥರ ಕಾಣುವ ಎರಡು ಬೂಟು ಇರುತ್ತವೆ, ಗಮನಿಸಿ. ಒಂದಕ್ಕೆ ಬೀನ್ ಬೂಟ್ ಅನ್ನುತ್ತಾರೆ, ಇನ್ನೊಂದು ಹಳೆಯ ಹೆಸರಿನ ಮೇನ್ ಹಂಟಿಂಗ್ ಶೂ. ಬೇಟೆಯದರ ರಬ್ಬರ್ ಮೆತ್ತಗೆ, ಅಟ್ಟೆ ತೆಳು. ಕಾಲಡಿ ಒಣ ಕಡ್ಡಿ ಸಿಕ್ಕರೆ ಮುರಿಯುವ ಮುಂಚೆಯೇ ಪಾದಕ್ಕೆ ಗೊತ್ತಾಗುತ್ತದೆ, ಸದ್ದಾಗದೆ ಹೆಜ್ಜೆ ಹಿಂದಕ್ಕೆ ತಗೋಬಹುದು. ಕಾಂಕ್ರೀಟ್ ಮೇಲೆ ಅದರಲ್ಲಿ ನಡೆದರೆ ಮಾತ್ರ ಸಂಜೆ ಹೊತ್ತಿಗೆ ಅಂಗಾಲು ನೋಯುತ್ತದೆ. ಬೀನ್ ಬೂಟಿನ ತಳ ಗಟ್ಟಿ, ಊರೊಳಗೆ ಓಡಾಡಲು ಅದೇ ವಾಸಿ. ನೀವು ವರ್ಷಕ್ಕೆ ಎರಡು ದಿನ ಕಾಡಿಗೆ, ಉಳಿದ ದಿನ ಬಸ್ ಸ್ಟಾಪಿಗೆ ಅಂತಾದರೆ ಗಟ್ಟಿ ತಳದ್ದನ್ನೇ ತಗೊಳ್ಳಿ. 150 ಡಾಲರ್ ಆಸುಪಾಸು ಇಟ್ಟುಕೊಳ್ಳಿ, ಲೈನಿಂಗ್ ಇದ್ದರೆ ಇನ್ನೂ ಜಾಸ್ತಿ.

ಈಗ ಲೈನಿಂಗ್. ನನ್ನ ಮೊದಲ ಬೇಟೆ ದಿನ ಹೇಳುತ್ತೇನೆ. ಒಳಗೆ ಏನೂ ಇಲ್ಲದ ಬೂಟು, ಅದರೊಳಗೆ ಬುದ್ಧಿವಂತಿಕೆ ಅಂತ ಎರಡೆರಡು ಹತ್ತಿ ಕಾಲುಚೀಲ. ಬಿಗಿಯಾಗಿತ್ತು, ಬಿಗಿಯಿದ್ದರೆ ಬೆಚ್ಚಗಿರುತ್ತೆ ಅಂದುಕೊಂಡೆ. ಕಾರಿನಿಂದ ಅಟ್ಟಣೆಯವರೆಗೆ ಇಪ್ಪತ್ತು ನಿಮಿಷ ನಡೆದಾಗ ಕಾಲು ಬೆವರಿತು. ಆಮೇಲೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಕೂತೆವು. ಎಂಟು ಗಂಟೆ ಹೊತ್ತಿಗೆ ಬೆರಳೆಲ್ಲ ಕೊರಡು. ಅಜ್ಜ ಏನೂ ಹೇಳದೆ ಕೆಳಗಿಳಿಸಿ, ಒಂದು ಮರದ ಬೊಡ್ಡೆ ಮೇಲೆ ಕೂರಿಸಿ, ನನ್ನ ಲೇಸು ಬಿಚ್ಚಿ, ಒದ್ದೆ ಹತ್ತಿ ಕಾಲುಚೀಲ ಎರಡನ್ನೂ ಕಿತ್ತು, ತನ್ನ ಚೀಲದಿಂದ ಒಂದೇ ಒಂದು ಜೊತೆ ಉಣ್ಣೆಯದು ತೆಗೆದು ಕೊಟ್ಟರು. ಲೇಸನ್ನು ಸಡಿಲವಾಗಿ ಕಟ್ಟಿದರು. ಹತ್ತು ನಿಮಿಷಕ್ಕೆ ಬೆರಳು ಚುರುಗುಟ್ಟಲು ಶುರುವಾಯಿತು, ಅಷ್ಟು ಖುಷಿಯ ನೋವು ನಾನು ಬೇರೆ ಅನುಭವಿಸಿಲ್ಲ. ಹತ್ತಿ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಬಿಗಿದ ಬೂಟು ರಕ್ತ ಓಡಾಡಲು ಬಿಡುವುದಿಲ್ಲ. ಎರಡೂ ಸೇರಿದರೆ ಎಂಥ ಲೈನಿಂಗ್ ಇದ್ದರೂ ಅಷ್ಟೇ.

ನಡೆಯುವುದಾದರೆ ಲೈನಿಂಗ್ ಇಲ್ಲದ್ದು, ಸ್ವಲ್ಪ ಸಡಿಲ, ಒಳ್ಳೆ ಉಣ್ಣೆ ಕಾಲುಚೀಲ, ಕೆಳಗೊಂದು ಉಣ್ಣೆಯ ಒಳಅಟ್ಟೆ. ಚಳಿ ಜಾಸ್ತಿ ಏರುವುದು ನೆಲದಿಂದ, ತೆಳು ರಬ್ಬರ್ ಅದನ್ನು ತಡೆಯುವುದಿಲ್ಲ. ನಡೆಯೋದೂ ಇದೆ ಕೂರೋದೂ ಇದೆ ಅಂದರೆ 200 ಗ್ರಾಂ ಥಿನ್ಸುಲೇಟ್ (ಚಳಿ ತಡೆಯುವ ತೆಳು ನಾರಿನ ಪದರ) ಇರುವುದು ಸಾಕು. 200 ಗ್ರಾಂ ಅಂದರೆ ಬೂಟಿನ ತೂಕ ಅಲ್ಲ, ಒಳಗೆ ಹಾಕಿದ ಪದರದ ಒಂದು ಚದರ ಮೀಟರಿನ ತೂಕ, ನಂಬರ್ ಏರಿದಷ್ಟೂ ದಪ್ಪ. ಕುರಿ ತುಪ್ಪಳ ಒಳಗಿರುವುದು ಹಾಕಿದ ಕೂಡಲೇ ಸ್ವರ್ಗ, ಆದರೆ ಒಳಗೆ ನೀರು ಹೋದರೆ ಒಣಗಲು ದಿನಗಟ್ಟಲೆ ಬೇಕು.

ಪೂರ್ತಿ ಕೂರುವುದೇ ಆದರೆ ಈ ಜಾತಿಯದ್ದನ್ನೇ ಬಿಟ್ಟು ಪ್ಯಾಕ್ ಬೂಟ್ ನೋಡಿ. ಅದೂ ಕೆಳಗೆ ರಬ್ಬರ್ ಮೇಲೆ ಚರ್ಮವೇ, ಒಳಗೆ ಮಾತ್ರ ದಪ್ಪ ಫೆಲ್ಟ್‌ನ (ಕಂಬಳಿಯಂತೆ ಒತ್ತಿ ಮಾಡಿದ ಬಟ್ಟೆಯ) ಇನ್ನೊಂದು ಬೂಟು ಇರುತ್ತದೆ, ರಾತ್ರಿ ಅದನ್ನು ಹೊರಗೆ ತೆಗೆದು ಒಣಗಿಸಬಹುದು. ಸೊರೆಲ್ ಹೆಸರು ಕೇಳಿರುತ್ತೀರಿ, ಮೂಲದಲ್ಲಿ ಕೆನಡಾದ ಕಿಚನರ್ ಊರಿನದು, 2000ದಲ್ಲಿ ಕೊಲಂಬಿಯಾ ಅನ್ನುವ ಕಂಪನಿ ಅದನ್ನು ಕೊಂಡುಕೊಂಡಿತು. ಬೆಚ್ಚಗಿರುತ್ತದೆ, ಆದರೆ ಅದರಲ್ಲಿ ಎರಡು ಮೈಲಿ ನಡೆದರೆ ಆನೆ ಕಾಲು ಕಟ್ಟಿಕೊಂಡ ಹಾಗೆ.

ಇಡೀ ಚಳಿಗಾಲಕ್ಕೆ ಆಗುತ್ತದಾ ಅಂದಿರಿ. ಮೆತ್ತನೆಯ ಹಿಮಕ್ಕೆ, ಕರಗಿದ ರಾಡಿಗೆ, ಮಾರ್ಚ್ ಏಪ್ರಿಲ್‌ನ ಕೆಸರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಆದರೆ ಗಟ್ಟಿ ಐಸ್ ಮೇಲೆ ಬೇಡವೇ ಬೇಡ. ಇದರ ತಳದಲ್ಲಿ ಇರುವುದು ಸರಪಳಿಯಂಥ ಮೇಲುಮೇಲಿನ ಗೆರೆ. ಕೆಸರು ಅಂಟಿಕೊಳ್ಳುವುದಿಲ್ಲ, ಸದ್ದೂ ಕಮ್ಮಿ, ಜಾರುವ ಐಸನ್ನು ಮಾತ್ರ ಹಿಡಿಯುವುದಿಲ್ಲ. ಜನವರಿಯಲ್ಲಿ ಪಾರ್ಕಿಂಗ್ ಲಾಟ್ ದಾಟಲು ಮೇಲಿನಿಂದ ಎಳೆದು ಹಾಕುವ ಮೊಳೆ ಪಟ್ಟಿ ಸಿಗುತ್ತದೆ, ಕಾರಿನಲ್ಲೊಂದು ಜೊತೆ ಇಟ್ಟಿರಿ. ಕಲ್ಲು ಬೆಟ್ಟ ಹತ್ತಲೂ ಇದು ಆಗುವುದಿಲ್ಲ, ಗಂಟು ಉಳುಕುತ್ತದೆ.

ಕಾಳಜಿ ಅಂಥದ್ದೇನೂ ಇಲ್ಲ. ರಸ್ತೆಗೆ ಎರಚಿದ ಉಪ್ಪು ಚರ್ಮದ ಮೇಲೆ ಬಿಳಿ ಗೆರೆ ಕಟ್ಟುತ್ತದೆ, ಮನೆಗೆ ಬಂದ ದಿನವೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೀಟರ್ ಪಕ್ಕ ಮಾತ್ರ ಇಡಬೇಡಿ, ಚರ್ಮ ಹಪ್ಪಳವಾಗುತ್ತದೆ. ಹಳೆ ಪೇಪರ್ ತುರುಕಿ ಮೂಲೆಯಲ್ಲಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತದೆ. ವರ್ಷಕ್ಕೆರಡು ಸಲ ಜೇನುಮೇಣದ ಪಾಲಿಶ್ ಹಚ್ಚಿ. ನಾನೊಮ್ಮೆ ಜುಲೈನಲ್ಲಿ ಊರಿಗೆ ಒಂದು ಜೊತೆ ಒಯ್ದಿದ್ದೆ, ಮಲೆನಾಡಿನ ಮಳೆಗೆ ಎರಡೇ ವಾರದಲ್ಲಿ ಮೇಲ್ಭಾಗಕ್ಕೆ ಹಸಿರು ಬೂಸ್ಟು ಬಂತು, ಅಮ್ಮ ಅದನ್ನು ಕೊಟ್ಟಿಗೆಗೆ ಕಳಿಸಿದರು. ಅಲ್ಲಿ ಪ್ಲಾಸ್ಟಿಕ್ ಚಪ್ಪಲಿಯೇ ಸರಿ.

ಅಜ್ಜನ ಬೂಟಿನ ಚರ್ಮ ನನ್ನ ಮದುವೆಗಿಂತ ಹಳೆಯದು, ತಳ ಮಾತ್ರ ಎರಡು ಸಲ ಹೊಸದು. ತಯಾರಿಸಿದವರೇ ದುಡ್ಡು ತಗೊಂಡು ಹಳೆ ರಬ್ಬರ್ ಕಿತ್ತು ಹೊಸದು ಹೊಲಿದು ಕೊಡುತ್ತಾರೆ. ಹೀಗೆ ತಳ ಬದಲಿಸಿ ಕೊಡುತ್ತೀರಾ ಅಂತ ಯಾವ ಬ್ರ್ಯಾಂಡ್ ಕೊಂಡರೂ ಮೊದಲೇ ಕೇಳಿ. ಜೀವನವಿಡೀ ವಾಪಸ್ ತಗೋತಾರೆ ಅಂತ ಯಾರಾದರೂ ಹೇಳಿದರೆ ಅದು ಹಳೆ ಮಾತು, ಫ್ರೀಪೋರ್ಟ್‌ನವರು 2018ರಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿದರು, ರಸೀದಿ ಇಟ್ಟುಕೊಳ್ಳಿ.

ಕೊನೆಗೆ ಬೂಟಿಗೆ ಸಂಬಂಧವಿಲ್ಲದ ಎರಡು ಮಾತು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಇಲ್ಲಿ ಇಂಬಳ ಇಲ್ಲ, ಅದರ ಬದಲು ಉಣ್ಣಿ ಇದೆ, ಲೈಮ್ ಜ್ವರ ತರುತ್ತದೆ, ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಮತ್ತೆ ಬಂದೂಕು ಹಿಡಿಯದಿದ್ದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿ ಮತ್ತು ವೆಸ್ಟ್ ಎರಡೂ ಹಾಕಲೇಬೇಕು. ಕಂದು ಜಾಕೆಟ್ ಹಾಕಿಕೊಂಡು ಪೊದೆಯೊಳಗೆ ಕೂರಬೇಡಿ ಮಾರಾಯ್ರೇ. ದುಡ್ಡು ಕಮ್ಮಿ ಬಿದ್ದರೆ ಈ ವರ್ಷ ಬೂಟನ್ನು ಯಾರ ಹತ್ತಿರವಾದರೂ ಕೇಳಿ ಹಾಕಿಕೊಳ್ಳಿ, ಆ ವೆಸ್ಟ್ ಮಾತ್ರ ಇವತ್ತೇ ಕೊಂಡುಬಿಡಿ.