ಮಳೆ ಹಿಡಿದರೆ ನಿಂತುಹೋಗುವ ವಾಕಿಂಗ್: ಓದುಗರ ಪ್ರಶ್ನೆಗೆ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನನಗೆ 43 ವರ್ಷ. ಹಾಸನದಲ್ಲಿ ಬ್ಯಾಂಕ್ ನೌಕರಿ. ಪ್ರತಿ ಜನವರಿಯಲ್ಲೂ ಕ್ರೀಡಾಂಗಣಕ್ಕೆ ವಾಕಿಂಗ್ ಶುರು ಮಾಡುತ್ತೇನೆ. ಮೂರು ವಾರಕ್ಕೆ ಉತ್ಸಾಹ ಇಳಿಯುತ್ತದೆ. ಹೇಗೋ ಎಳೆದುಕೊಂಡು ಹೋದರೂ ಜೂನ್ ಮಳೆ ಹಿಡಿದ ಮೇಲೆ ಮುಗಿಯಿತು. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಈ ಪ್ರಶ್ನೆ ವಾರ ತಪ್ಪದೆ ಬರುತ್ತದೆ, ವಾಕಿಂಗ್ ಮಾತ್ರ ತಪ್ಪುತ್ತದೆ. ನಿಮ್ಮ ಮನಸ್ಸಿಗೆ ಏನೂ ಆಗಿಲ್ಲ. ತಪ್ಪಿರುವುದು ಮೊದಲ ವಾರದ ಲೆಕ್ಕ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತ ಕಾಲಿಗೆ ಮೊದಲ ದಿನವೇ ಒಂದು ಗಂಟೆ ನಡಿಗೆ, ಅದರ ಮೇಲೆ ಎರಡು ಸುತ್ತು ಓಟ. ನೋವು ಅವತ್ತು ಗೊತ್ತಾಗುವುದಿಲ್ಲ, 24ರಿಂದ 72 ಗಂಟೆಯೊಳಗೆ ಮೀನಖಂಡ, ತೊಡೆ ಹಿಡಿದುಕೊಳ್ಳುತ್ತವೆ. ಮೂರನೇ ದಿನ ಮೆಟ್ಟಿಲು ಇಳಿಯಲಾಗದೆ ರಜೆ, ನಾಲ್ಕನೇ ದಿನ ಮನೆಗೆ ನೆಂಟರು. ಅಲ್ಲಿಗೆ ಕತೆ ಮುಗಿಯಿತು.

ಮೊದಲ ಎರಡು ವಾರ ದಿನಕ್ಕೆ 10 ನಿಮಿಷ ಮಾತ್ರ ನಡೆಯಿರಿ. ಇನ್ನೂ ನಡೆಯಬಲ್ಲೆ ಅನ್ನಿಸಿದರೂ ವಾಪಸ್ ಬನ್ನಿ. ಮೂರನೇ, ನಾಲ್ಕನೇ ವಾರ 20 ನಿಮಿಷ. ಐದನೇ ವಾರದಿಂದ 30 ನಿಮಿಷ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷ ಇಷ್ಟರಲ್ಲೇ ಆಯಿತು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ವೇಗ ತಿಳಿಯಲು ವಾಚ್ ಬೇಕಿಲ್ಲ.

‘ಬೆಳಿಗ್ಗೆ ಹೋಗುತ್ತೇನೆ’ ಅನ್ನುವುದು ಹೊತ್ತಲ್ಲ. ಡಿಸೆಂಬರ್‌ನ ಮಂಜಿನಲ್ಲಿ ಐದಕ್ಕೆ ಅಲಾರಂ ಇಟ್ಟು ರಗ್ಗಿನೊಳಗಿನಿಂದಲೇ ಆರಿಸುವುದಕ್ಕಿಂತ, ಸಂಜೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಶೂ ಹಾಕಿ. ದಿನಾ ತಪ್ಪದೆ ಮಾಡುವ ಒಂದು ಕೆಲಸದ ಬೆನ್ನಿಗೇ ನಡಿಗೆ ಇರಲಿ. ನಡುವೆ ಟೀವಿ ಮುಂದೆ ಕೂತಿರೋ, ಅವತ್ತಿನದು ಹೋಯಿತು. ಒಂದು ದಿನ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ, ಸತತ ಎರಡು ದಿನ ತಪ್ಪಿಸಬೇಡಿ. ಹಾಸನಾಂಬೆ ದರ್ಶನಕ್ಕೆ ಬಂದ ನೆಂಟರಿಂದ ಮನೆ ತುಂಬಿದಾಗಲೂ ಐದು ನಿಮಿಷ ಸಿಗುತ್ತದೆ.

ಇನ್ನು ಮಳೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಎಂಬುದು ಹೊಸ ಸುದ್ದಿಯೇನಲ್ಲ, ಆದರೂ ಪ್ರತಿವರ್ಷ ಅಚ್ಚರಿಪಡುತ್ತೀರಿ. ಮನೆಯೊಳಗೆ ಮಾಡುವುದನ್ನು ಮೇ ತಿಂಗಳಲ್ಲೇ ಕಲಿತಿಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆಯಿಂದ ಎರಡು ಅಡಿ ದೂರ ನಿಂತು ಗೋಡೆಗೆ ಕೈ ಕೊಟ್ಟು ದಂಡ 10, ಹಿಮ್ಮಡಿ ಎತ್ತಿ ಇಳಿಸುವುದು 15. ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ, ಒಟ್ಟು ಮೂರು ಸುತ್ತು. ರೆಡ್ ಆಕ್ಸೈಡ್ ನೆಲದಲ್ಲಿ ಕುರ್ಚಿ ಜಾರುತ್ತದೆ, ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ, ಚಕ್ರದ ಕುರ್ಚಿ ಬೇಡ. ಮಂಡಿ ನೋವಿದ್ದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರಿಸಿ. ದಂಡದಲ್ಲಿ ಸೊಂಟ ಜೋತುಬಿದ್ದರೆ ಗೋಡೆಗೆ ಇನ್ನಷ್ಟು ಹತ್ತಿರ ನಿಲ್ಲಿ. ಇದನ್ನು ಮಳೆ ಮುಗಿದ ಮೇಲೂ ವಾರಕ್ಕೆ ಎರಡು ದಿನ ಮಾಡಿ, ಸ್ನಾಯುಗಳಿಗೆ ನಡಿಗೆಯೊಂದೇ ಸಾಲದು.

ಒದ್ದೆ ಶೂವನ್ನು ಬಚ್ಚಲೊಲೆಯ ಹತ್ತಿರ ಇಡಬೇಡಿ, ಅಟ್ಟೆಯ ಗಮ್ ಬಿಡುತ್ತದೆ. ಒಳಗೆ ನ್ಯೂಸ್‌ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸಿ.

ತೂಕದ ಮಷಿನ್ ಹತ್ತಿರ ಮಾತ್ರ ದಿನಾ ಹೋಗಬೇಡಿ. ಉಪ್ಪು, ನೀರಿನ ಲೆಕ್ಕದಲ್ಲೇ ಒಂದು ಕೆಜಿ ಅತ್ತಿತ್ತ ಆಗುತ್ತದೆ. ಅದನ್ನು ನೋಡಿ ನಡಿಗೆ ಬಿಟ್ಟವರು ಬಹಳ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗೀಟು ಹಾಕಿ, ಸಾಕು.

ಪ್ರಶ್ನೆ: 21 ದಿನ ಮಾಡಿದರೆ ಅಭ್ಯಾಸವಾಗುತ್ತದಂತೆ?

ಉತ್ತರ: ಇಲ್ಲ. ಲಂಡನ್ ಯೂನಿವರ್ಸಿಟಿ ಕಾಲೇಜಿನವರ ಅಧ್ಯಯನದಲ್ಲಿ ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18 ದಿನವೇ ಸಾಕಾಯಿತು, ಕೆಲವರಿಗೆ 254ರವರೆಗೂ ಅಂದಾಜು. ನೀರು ಕುಡಿಯುವಂಥ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಹಿಡಿಯಿತು. 22ನೇ ದಿನ ಬೇಜಾರಾದರೆ ಅದು ಸಹಜ.

ಪ್ರಶ್ನೆ: ಹೊಟ್ಟೆಗೆ ಬೆವರಿಳಿಸುವ ಬೆಲ್ಟ್ ಕಟ್ಟಿದರೆ ಬೊಜ್ಜು ಕರಗುತ್ತದೆಯೇ?

ಉತ್ತರ: ನೀರು ಹೋಗುತ್ತದೆ, ನಿಮ್ಮ ದುಡ್ಡೂ ಹೋಗುತ್ತದೆ.

ಪ್ರಶ್ನೆ: ಚಿಕ್ಕಮಗಳೂರು ಹತ್ತಿರ ಕಾಫಿ ತೋಟ ಇದೆ. ದಿನವಿಡೀ ತೋಟದಲ್ಲೇ ಓಡಾಟ. ಬೇರೆ ವ್ಯಾಯಾಮ ಯಾಕೆ?

ಉತ್ತರ: ಏರು ಹತ್ತಿ ಏದುಸಿರು ಬಂದ ನಿಮಿಷಗಳನ್ನು ಮಾತ್ರ ಎಣಿಸಿ. ಜೀಪಿನ ಓಡಾಟ ಜೀಪಿಗೆ ವ್ಯಾಯಾಮ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಖಾಲಿ ಹೊಟ್ಟೆಯಲ್ಲಿ ನಡೆಯಲೇ?

ಉತ್ತರ: ಯಾವ ಮಾತ್ರೆ ಎಂದು ಬರೆಯದೆ ಹೀಗೆ ಕೇಳಬೇಡಿ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಆದರೆ ಖಾಲಿ ಹೊಟ್ಟೆ ಬೇಡ, ಸಕ್ಕರೆ ತೀರಾ ಇಳಿಯಬಹುದು. ಕೈ ನಡುಗಿ, ತಣ್ಣನೆ ಬೆವರು ಬಂದರೆ ಅಲ್ಲೇ ಕೂತು ಮೂರು ಟೀ ಚಮಚ ಸಕ್ಕರೆ ತಿನ್ನಿ, ಪೊಟ್ಟಣ ಜೇಬಿನಲ್ಲೇ ಇರಲಿ. ನಡೆಯುವಾಗ ಎದೆ ಹಿಡಿದಂತಾದರೆ ‘ಗ್ಯಾಸ್’ ಅಂತ ಸೋಡಾ ಕುಡಿದು ಮನೆಗೆ ಹೋಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.