ಶಾಲು ಆಮೇಲೆ, ಮೊದಲು ಅಜ್ಜನನ್ನು ಮಾತಾಡಿಸಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆಯುತ್ತಾರೆ: ‘ನಮ್ಮೂರಿನ ಅಜ್ಜ ಒಬ್ಬರು ನಲವತ್ತು ವರ್ಷ ನೀರಿಗಾಗಿ ಗುಡ್ಡೆಯಲ್ಲಿ ಸುರಂಗ ತೋಡಿದವರು. ಬಡವರ ಮನೆಯಾದರೆ ಅರ್ಧ ಕೂಲಿ, ಕೆಲವೊಮ್ಮೆ ಬರೀ ಊಟ. ಈಗ ಅವರನ್ನು ಕರೆಯುವವರಿಲ್ಲ, ಎಲ್ಲರಿಗೂ ಬೋರ್‌ವೆಲ್ ಬೇಕು. ಹುಡುಗರು ನಗುತ್ತಾರೆ. ಇಂಥವರಿಗೆ ಒಂದು ಪ್ರಶಸ್ತಿ ಕೊಡಿಸಲು ಪತ್ರಿಕೆ ಓಡಾಡಬಾರದೇ?’

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಎರಡು ಪುಟದ ಪತ್ರದಲ್ಲಿ ಒಂದೂವರೆ ಪುಟ ಪ್ರಶಸ್ತಿಯದೇ ಮಾತು. ಅಜ್ಜ ತೋಡಿದ ಮೊದಲ ಸುರಂಗ ಯಾರ ಮನೆಯದು? ಎಷ್ಟು ಕೋಲು (ಸುರಂಗದ ಉದ್ದ ಅಳೆಯುವ ಲೆಕ್ಕ) ಹೋದ ಮೇಲೆ ನೀರು ಸಿಕ್ಕಿತು? ಸಿಗದೇ ಇದ್ದದ್ದು ಎಷ್ಟು? ಒಂದು ಸಾಲೂ ಇಲ್ಲ. ನೀವು ಕೇಳಿಯೇ ಇಲ್ಲ, ಅಲ್ವಾ?

ಬೋರ್‌ವೆಲ್ ಬೇಡವೇ ಬೇಡ ಅನ್ನುವವನಲ್ಲ ನಾನು. ಫೆಬ್ರವರಿ ದಾಟಿದರೆ ಅಡಿಕೆ ತೋಟದವರ ಪಾಡು ಗೊತ್ತಿದೆ. ನಮ್ಮ ತೋಟದಲ್ಲೂ ಒಂದಿದೆ. ಅದರ ಬಗ್ಗೆ ಇಷ್ಟು ಸಾಕು.

ನಮ್ಮ ಜಿಲ್ಲೆಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆದರೆ ಊರೆಲ್ಲ ಗುಡ್ಡೆ, ಬಿದ್ದ ನೀರಿಗೆ ಸಮುದ್ರ ಸೇರುವ ಅವಸರ. ಒಂದಿಷ್ಟು ಮಾತ್ರ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲಿನಲ್ಲಿ) ಇಂಗಿ ಗುಡ್ಡೆಯ ಹೊಟ್ಟೆಯೊಳಗೆ ಉಳಿಯುತ್ತದೆ. ಅದನ್ನು ಅಡ್ಡಕ್ಕೆ ಕೊರೆದು ಹೊರಗೆ ಕರೆಯುವುದೇ ಸುರಂಗ. ಪಂಪ್ ಬೇಡ, ಕರೆಂಟ್ ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಅಂದರೆ ಸೀಳಿ ತೋಡಿದ ಕಾಂಡದಲ್ಲಿ, ನೀರು ಅಂಗಳಕ್ಕೇ ಬಂದು ಬೀಳುತ್ತಿತ್ತು. ಬಾಯಾರು ಅನ್ನುವ ಹೆಸರಿನ ಊರಲ್ಲೇ ಇಷ್ಟೊಂದು ಸುರಂಗಗಳಿವೆ. ಬಾಯಾರಿದವನಿಗೇ ಬುದ್ಧಿ ಓಡಿತೇನೋ!

ಹಲವು ವರ್ಷಗಳ ಹಿಂದೆ ಸುರಂಗ ತೋಡುವವರೊಬ್ಬರ ಹಿಂದೆ ನಾನೂ ಒಳಗೆ ಹೋಗಿದ್ದೆ. ಅಗಲ ಎರಡೂವರೆ ಅಡಿ ಇದ್ದರೆ ಹೆಚ್ಚು. ಎರಡೂ ಭುಜ ಗೋಡೆಗೆ ಸವರುತ್ತಿತ್ತು. ಪಾದ ಮುಳುಗುವಷ್ಟು ತಣ್ಣನೆ ನೀರು. ಅವರು ಮುಂದೆ ಮೋಂಬತ್ತಿ ಹಿಡಿದು ನಡೆಯುತ್ತಿದ್ದರು. ನಡುವೆ ಒಮ್ಮೆ ನಿಂತು ಗೋಡೆಯ ಮಣ್ಣು ಉಗುರಿನಲ್ಲಿ ಕೆರೆದು ಮೂಸಿದರು. ಗಾಳಿ ಕಮ್ಮಿಯಾಗಿ ಉರಿ ಸಣ್ಣಗಾದದ್ದೇ ತಡ, ‘ಸಾಕು, ತಿರುಗಿ’ ಅಂದರು. ತಿರುಗಲು ಜಾಗವೆಲ್ಲಿ? ಹಿಂದಕ್ಕೇ ಹೆಜ್ಜೆ ಹಾಕಿಕೊಂಡು ಬಂದೆ. ಹೊರಗೆ ಬಂದ ಮೇಲೆ ಕೇಳಿದೆ, ನೀರು ಎಲ್ಲಿದೆಯೆಂದು ಹೇಗೆ ಗೊತ್ತಾಗುತ್ತದೆ? ‘ಧೂಪದ ಮರ ನೋಡಬೇಕು, ಬಸರಿ ಮರ ನೋಡಬೇಕು. ಉಳಿದದ್ದು ಹೇಳಲಿಕ್ಕೆ ಬರುವುದಿಲ್ಲ’ ಅಂದರು. ಆ ಉಳಿದದ್ದನ್ನು ಕೇಳಲು ಮತ್ತೊಮ್ಮೆ ಬರುತ್ತೇನೆಂದು ಹೇಳಿ ಬಂದವನು ಹೋಗಲೇ ಇಲ್ಲ. ಈಗ ಅವರಿಲ್ಲ. ನಿಮ್ಮನ್ನು ಗದರಿಸುವ ಹಕ್ಕು ನನಗೆ ಅಷ್ಟಕ್ಕಷ್ಟೇ.

ಗಡಿಯ ಆಚೆ, ಕರ್ನಾಟಕದ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ಕಥೆ ನಿಮಗೆ ಗೊತ್ತೇ ಇದೆ. ಕೂಲಿ ಮಾಡುತ್ತಿದ್ದವರಿಗೆ ಧಣಿಗಳು ಕೊಟ್ಟದ್ದು ಬೋಳು ಗುಡ್ಡೆಯ ಎರಡೆಕರೆ. ಹಗಲು ಕೂಲಿ, ಕತ್ತಲಾದ ಮೇಲೆ ಸುರಂಗ. ಒಂದಾದ ಮೇಲೊಂದು ಒಣಗಿಯೇ ಹೋಯಿತು. ಊರವರು ನಕ್ಕರು. ಅವರು ಮಾತ್ರ ಪಿಕ್ಕಾಸು ಕೆಳಗಿಡಲಿಲ್ಲ, ಕೊನೆಗೂ ನೀರು ಬಂತು. 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ರಾಜಕಯಮೆ ಎಂಬ ಭತ್ತದಿಂದ ಶುರುಮಾಡಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದರು. ಅವರಿಗೂ 2024ರಲ್ಲಿ ಪದ್ಮಶ್ರೀ. ಸಂತೋಷವೇ. ಆದರೆ ಪ್ರಶಸ್ತಿ ಬಂದದ್ದೇ ನಾವು ಮಾಡಿದ್ದೇನು? ಶಾಲು, ಹಾರ, ಸೆಲ್ಫಿ. ಅವರ ಅಂಗಳದಲ್ಲಿ ಒಂದು ವಾರ ಕೂತು ಕೆಲಸ ಕಲಿತ ಹುಡುಗರು ಎಷ್ಟು ಜನ?

ಇನ್ನು ಅರ್ಜಿಯ ಪಾಡು. ಒಮ್ಮೆ ಇಂಥದೇ ಒಬ್ಬರಿಗಾಗಿ ಕಚೇರಿಯೊಂದಕ್ಕೆ ಹೋಗಿದ್ದೆ. ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಕನ್ನಡದ್ದು ಕೇಳಿದರೆ ‘ಮುಗಿದಿದೆ’ ಅಂದರು, ಉಪ್ಪು ಮುಗಿದಿದೆ ಅನ್ನುವ ಹಾಗೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇದನ್ನೇ ಕೇಳುತ್ತಾ ಬಂದಿದ್ದೇವೆ. ಆ ಕಡೆಯ ಕರ್ನಾಟಕದವರೇನೂ ಕಮ್ಮಿಯಲ್ಲ. ನವೆಂಬರ್ ಬಂದರೆ ಮಾತ್ರ ಅವರಿಗೆ ಗಡಿನಾಡಿನ ನೆನಪು. ವೇದಿಕೆ ಹತ್ತಿ ‘ಕಾಸರಗೋಡಿನ ಕನ್ನಡ ಉಳಿಸಿ’ ಅನ್ನುತ್ತಾರೆ. ಕೋಲು, ದಂಬೆ, ಮುರ ಅಂದರೆ ಏನೆಂದು ಆ ವೇದಿಕೆಯಲ್ಲಿ ಯಾರಿಗಾದರೂ ಗೊತ್ತೇ? ನಾವು ಉಳಿಸಬೇಕಾದ ಕನ್ನಡ ನಿಮ್ಮ ಅಜ್ಜನ ಬಾಯಲ್ಲಿದೆ ಸ್ವಾಮಿ.

ಪ್ರಶಸ್ತಿಗೆ ನಾನೂ ಒಂದು ಕಾಗದ ಬರೆಯುತ್ತೇನೆ, ಬೇಡವೆನ್ನುವುದಿಲ್ಲ. ಆದರೆ ಈ ಭಾನುವಾರ ನೀವು ಎಲೆ-ಅಡಿಕೆ ತೆಗೆದುಕೊಂಡು ಅಜ್ಜನ ಜಗಲಿಗೆ ಹೋಗಿ. ನಗುವ ಹುಡುಗರಲ್ಲಿ ಇಬ್ಬರನ್ನಾದರೂ ಕರೆದುಕೊಂಡು ಹೋಗಿ, ಫೋನಿನಲ್ಲಿ ರೆಕಾರ್ಡ್ ಮಾಡುವುದು ಅವರಿಗೇ ಚೆನ್ನಾಗಿ ಬರುತ್ತದೆ. ನೀರು ಸಿಕ್ಕಿದ ಕಥೆಗಿಂತ ಸಿಗದ ಕಥೆ ಮೊದಲು ಕೇಳಿ. ಮಣ್ಣು ಮೂಸಿದರೆ ಏನು ತಿಳಿಯುತ್ತದೆ ಎಂದೂ ಕೇಳಿ, ನನಗೆ ಗೊತ್ತಾಗಬೇಕಾಗಿದೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.